ಎರಡಾಗಿ ಕತ್ತರಿಸಿದ ಕನ್ನಡಕ

ಹಾಸ್ಟೆಲ್ ಖಾಲಿ ಮಾಡಿ ಎಂದು ವಿಶ್ವವಿದ್ಯಾಲಯದವರು ನೋಟೀಸು ಅಂಟಿಸಿದ ದಿನ ನನ್ನ ಸೂಟ್‌ಕೇಸಿನಲ್ಲಿ ಬಟ್ಟೆಗಿಂತ ಹೆಚ್ಚು ಜಾಗ ಹಿಡಿದದ್ದು ಗ್ರಹಣದ ಕನ್ನಡಕಗಳು. ಅರವತ್ತಿದ್ದವು. ರಟ್ಟಿನ ಚೌಕಟ್ಟಿಗೆ ಕಪ್ಪು ಫಿಲ್ಮ್ ಅಂಟಿಸಿ ನಮ್ಮ ಭೌತಶಾಸ್ತ್ರ ಮತ್ತು ಖಗೋಳ ಸಂಘದವರು ಸಂಜೆ ಸಂಜೆ ಕೂತು ಮಾಡಿದ್ದು. ಇನ್ನೂ ಇನ್ನೂರು ಕನ್ನಡಕ ಪ್ರಯೋಗಾಲಯದ ಕಪಾಟಿನಲ್ಲೇ ಉಳಿದವು. ಅವನ್ನು ಆಮೇಲೆ ಬಸ್ಸಿಗೆ ಪಾರ್ಸೆಲ್ ಹಾಕುತ್ತೇನೆಂದು ಹೈದರಾಬಾದಿನಲ್ಲೇ ಮನೆಯಿರುವ ಗೆಳತಿಯೊಬ್ಬಳು ಒಪ್ಪಿಕೊಂಡಳು.

ಅದು ತೆಲಂಗಾಣ ಚಳವಳಿಯ ಕಾವು ಏರಿದ್ದ ಚಳಿಗಾಲ. ಕ್ಯಾಂಪಸ್ಸಿನಲ್ಲಿ ಪಾಠಕ್ಕಿಂತ ಧರಣಿ ಹೆಚ್ಚು, ರಸ್ತೆಯಲ್ಲಿ ಬಸ್ಸಿಗಿಂತ ಬಂದ್ ಹೆಚ್ಚು. ಸಂಕ್ರಾಂತಿಯ ಮರುದಿನ ಮಧ್ಯಾಹ್ನ ದೊಡ್ಡ ಸೂರ್ಯಗ್ರಹಣವಿತ್ತು. ನಮ್ಮ ಕಡೆ ಸೂರ್ಯನ ಮುಕ್ಕಾಲು ಪಾಲು ಮರೆಯಾಗುವುದಿತ್ತು. ನಾನು ಸಂಘದ ಕಾರ್ಯದರ್ಶಿ. ಹಾಸ್ಟೆಲನ್ನು ಮುಚ್ಚಬಹುದು, ಗ್ರಹಣವನ್ನು ಮುಂದೂಡುವುದು ಯಾರಪ್ಪನಿಂದಲೂ ಆಗುವುದಿಲ್ಲ ಎಂದು ಸಿಕ್ಕವರಿಗೆಲ್ಲ ಭಾಷಣ ಮಾಡಿ ನಮ್ಮೂರು ಜಹೀರಾಬಾದಿನ ಬಸ್ಸು ಹತ್ತಿದೆ. ಆಗ ನನಗೆ ನನ್ನ ಮಾತು ನನಗೇ ಬಹಳ ಚೆನ್ನಾಗಿ ಕೇಳಿಸುತ್ತಿತ್ತು.

ಮನೆಗೆ ಬಂದ ಮೇಲೆ ಯೋಜನೆಯನ್ನೇ ಬದಲಿಸಿದೆವು. ಕ್ಯಾಂಪಸ್ಸಿನಲ್ಲಿ ಒಂದೇ ಕಡೆ ಮಾಡಬೇಕಿದ್ದ ವೀಕ್ಷಣೆಯನ್ನು ಮೂರು ಕಡೆ ಮಾಡುವುದು ಎಂದಾಯಿತು. ತಾಂಡೂರಿನಲ್ಲಿ ನನ್ನ ಸಹಪಾಠಿ, ಅವನ ಮನೆಯ ಹತ್ತಿರದ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯ ಅಂಗಳದಲ್ಲಿ. ಜಹೀರಾಬಾದಿನಲ್ಲಿ ನಮ್ಮ ಸಂಘದ ಇನ್ನೊಬ್ಬಳು, ನಮ್ಮದೇ ಮಾಳಿಗೆಯ ಮೇಲೆ. ನಾರಾಯಣಖೇಡದ ಕಡೆ ನಾನು. ಗ್ರಹಣ ಹಿಡಿದ ಹೊತ್ತು, ಗರಿಷ್ಠವಾದ ಹೊತ್ತು, ಬಿಟ್ಟ ಹೊತ್ತು ಮೂರೂ ಕಡೆ ಬರೆದುಕೊಂಡು, ಹತ್ತು ಹತ್ತು ನಿಮಿಷಕ್ಕೆ ಸೂರ್ಯನ ಆಕಾರ ಗುರುತಿಸಿ, ಕೊನೆಗೆ ಹೋಲಿಸುವುದು. ಊರಿಂದೂರಿಗೆ ವ್ಯತ್ಯಾಸ ಅಂಥದೇನೂ ಇರುವುದಿಲ್ಲ. ಆದರೆ ಅಷ್ಟು ಸಣ್ಣ ವ್ಯತ್ಯಾಸವನ್ನು ಕನ್ನಡಿ, ಕಾಗದ, ಪೆನ್ಸಿಲ್ಲಿನಲ್ಲಿ ಹಿಡಿಯಬಹುದೇ ಎಂಬುದೇ ನಮ್ಮ ಹಟ.

ಸಂಘದ ಮಾರ್ಗದರ್ಶಕಿ ಮೇಡಂ ಫೋನಿನಲ್ಲಿ ಎಲ್ಲ ಕೇಳಿಸಿಕೊಂಡು ಒಂದೇ ಮಾತು ಹೇಳಿದ್ದರು: "ಗೋಡೆಯ ಮೇಲೆ ತೋರಿಸು. ಕನ್ನಡಕ ಎಲ್ಲರಿಗೂ ಸಾಲುವಷ್ಟಿದ್ದರೆ ಮಾತ್ರ ಹೊರಗೆ ತೆಗೆ. ಸಾಲದಿದ್ದರೆ ಪೆಟ್ಟಿಗೆಯಲ್ಲೇ ಇರಲಿ." ಹೂಂ ಮೇಡಂ ಎಂದಿದ್ದೆ.

ಗೋಡೆಯ ಮೇಲೆ ತೋರಿಸುವ ವಿಧಾನ ಬಲು ಸರಳ. ಮುಖ ನೋಡುವ ಕನ್ನಡಿಗೆ ಕಪ್ಪು ಕಾಗದ ಹಚ್ಚಿ, ನಡುವೆ ಹೆಬ್ಬೆರಳ ಉಗುರಿನಷ್ಟು ತೂತು ಬಿಡಬೇಕು. ಕನ್ನಡಿಯನ್ನು ಬಿಸಿಲಿನಲ್ಲಿಟ್ಟು ಬೆಳಕನ್ನು ಕತ್ತಲೆ ಕೋಣೆಯ ಗೋಡೆಗೆ ಹೊಡೆಸಬೇಕು. ದೂರ ಹತ್ತಿರವಿದ್ದರೆ ತೂತಿನ ಆಕಾರವೇ ಕಾಣುತ್ತದೆ. ಇಪ್ಪತ್ತು ಮೀಟರು ದೂರ ಸಿಕ್ಕರೆ ಗೇಣಿಗೆ ತುಸು ಕಡಿಮೆ ಅಗಲದ ಸೂರ್ಯನೇ ಗೋಡೆಗೆ ಬಂದು ಕೂಡುತ್ತಾನೆ. ಯಾರ ಕಣ್ಣಿಗೂ ಅಪಾಯವಿಲ್ಲ. ಒಂದೇ ತೊಂದರೆಯೆಂದರೆ ಸೂರ್ಯ ಸರಿದಂತೆ ಕನ್ನಡಿಯನ್ನೂ ಸರಿಸುತ್ತಿರಬೇಕು, ಒಬ್ಬರು ಅದರ ಪಕ್ಕದಲ್ಲೇ ಕೂತಿರಬೇಕು.

ಅಷ್ಟು ಉದ್ದದ ಕೋಣೆ ಬೇಕಲ್ಲ? ಸಿಕ್ಕಿದ್ದು ನಾರಾಯಣಖೇಡಕ್ಕೆ ಹೋಗುವ ದಾರಿಯಲ್ಲಿರುವ ಒಂದು ಹಳ್ಳಿಯ ಶಾಲೆಯಲ್ಲಿ. ನಡುವಿನ ತಡಿಕೆ ಸರಿಸಿದರೆ ಎರಡು ತರಗತಿ ಒಂದಾಗುತ್ತಿದ್ದವು. ಶಾಲೆಯ ಅಟೆಂಡರ್ ನಮ್ಮ ತಂದೆಗೆ ಪರಿಚಯದವರು, ಹೆಡ್‌ಮಾಸ್ತರರ ಒಪ್ಪಿಗೆ ತೆಗೆದುಕೊಂಡು ಬೀಗದ ಕೈ ತಾವೇ ಇಟ್ಟುಕೊಂಡಿದ್ದರು. ಬೌದ್ಧ ಧಮ್ಮ ಸ್ವೀಕರಿಸಿದ ಮನೆತನ. ಹಬ್ಬದ ದಿನ ನಾನು ಹೋದಾಗ ಬುದ್ಧನ ಫೋಟೊದ ಕೆಳಗೆ ಕೂರಿಸಿ, ಸಜ್ಜೆ ರೊಟ್ಟಿ, ಪುಂಡಿಪಲ್ಲೆ ಬಡಿಸಿದರು.

"ಊರ ಮಂದಿ ನಾಳಿಗಿ ಬಾಗಲಾ ಹಾಕ್ಕೊಂಡು ಕೂಡ್ತಾರ್ರಿ ತಂಗೀ," ಎಂದರು ಅವರು. "ಅನ್ನದಾಗ ದರ್ಭಿ ಹಾಕಿ ಇಡ್ತಾರ, ಬಸರಿ ಹೆಣಮಕ್ಕಳಿಗಿ ಹೊರಗ ಬಿಡಂಗಿಲ್ಲ. ನಾವು ನಮ್ಮ ಓಣ್ಯಾಗ ಅದೆಲ್ಲಾ ಬಿಟ್ಟು ಭಾಳ ದಿನ ಆತು. ನೀವು ತೋರಸರಿ, ನಾವು ಮುಂದ ನಿಂದರ್ತೀವಿ."

ಅವರ ಮಗಳಿಗೆ ಇಪ್ಪತ್ತೊಂದೋ ಇಪ್ಪತ್ತೆರಡೋ ವರ್ಷ. ಪೊಲೀಸ್ ಕಾನ್‌ಸ್ಟೇಬಲ್ ನೇಮಕಕ್ಕೆ ಅರ್ಜಿ ಹಾಕಿದ್ದಳು. ಓಟ, ಬರವಣಿಗೆ ಎರಡೂ ಪಾಸಾಗಿ ವೈದ್ಯಕೀಯ ತಪಾಸಣೆ ಒಂದೇ ಬಾಕಿ ಇತ್ತು, ಇನ್ನೆರಡು ತಿಂಗಳಲ್ಲಿ. ಆ ಓಣಿಯಿಂದ ಸರಕಾರಿ ಸಮವಸ್ತ್ರ ಹಾಕುವ ಮೊದಲ ಹುಡುಗಿ ತಾನಾಗುತ್ತೇನೆಂದು ಅವಳೇ ನನಗೆ ಹೇಳಿದಳು, ಸಂಕೋಚವೇನೂ ಇಲ್ಲದೆ. ನಾನು ರೇಗಿಸಿದೆ.

"ನಮ್ಮ ಕ್ಯಾಂಪಸ್ಸಿಗಿ ಬಂದು ನಮಗೇ ಲಾಠಿ ಹೊಡಿತೀ ಏನು?"

"ಅಕ್ಕಾ, ಬಂದ್ ಇವತ್ತಲ್ಲ ನಾಳಿಗಿ ಮುಗೀತದರಿ," ಎಂದಳು ನಗುತ್ತ. "ನೌಕ್ರಿ ಅರವತ್ತು ವರ್ಷದ ತನಾ ಇರ್ತದ. ನಿಮಗ ಮೆತ್ತಗ ಹೊಡಿತೀನಿ, ಫಿಕರ್ ಮಾಡಬ್ಯಾಡ್ರಿ."

ಅವಳನ್ನು ಆ ಕ್ಷಣವೇ ನನ್ನ ಸಹಾಯಕಿ ಮಾಡಿಕೊಂಡೆ. ಅಂದು ಸಂಜೆಯೊಳಗೆ ಕನ್ನಡಿ ಹೊಂದಿಸುವುದನ್ನು ಅವಳ ಅಪ್ಪ ಕಲಿತರು, ಕನ್ನಡಕ ಪರೀಕ್ಷಿಸುವುದನ್ನು ಅವಳು ಕಲಿತಳು. ಉರಿಯುವ ಬಲ್ಬಿಗೆ ಹಿಡಿದರೆ ಬಲ್ಬು ಕಾಣಬಾರದು. ಫಿಲ್ಮಿನ ಮೇಲೆ ಗೀರಿದ್ದರೆ, ಸೂಜಿಮೊನೆಯಷ್ಟು ಬೆಳಕು ಬಂದರೂ, ಅದು ಕಸದ ಬುಟ್ಟಿಗೆ. ನನ್ನ ಪಾಲಿನ ಇಪ್ಪತ್ತರಲ್ಲಿ ಎರಡನ್ನು ಅವಳೇ ಹುಡುಕಿ ತೆಗೆದಳು. ನನ್ನ ಕಣ್ಣಿಗೆ ಆ ಗೀರು ಬಿದ್ದಿರಲಿಲ್ಲ.

ಹದಿನೆಂಟು ಉಳಿದವು. ನಲವತ್ತನ್ನು ತಾಂಡೂರಿಗೂ ಜಹೀರಾಬಾದಿಗೂ ಹಂಚಿದ್ದೆ. ಇನ್ನೂರರ ಪಾರ್ಸೆಲ್ಲು ಗ್ರಹಣದ ದಿನ ಬೆಳಿಗ್ಗೆಯ ಬಸ್ಸಿಗೆ ಬರಬೇಕಿತ್ತು. ಒಂಬತ್ತಕ್ಕೆ ಗೆಳತಿ ಫೋನು ಮಾಡಿದಳು. ದಾರಿಯಲ್ಲಿ ರಸ್ತಾ ರೋಕೊ, ಬಸ್ಸು ಡಿಪೋ ಬಿಟ್ಟೇ ಇಲ್ಲ, ಪಾರ್ಸೆಲ್ಲು ಕೌಂಟರಿನಲ್ಲಿ ಕೂತಿದೆ.

ಅಲ್ಲಿಗೆ ಮೇಡಂ ಹೇಳಿದಂತೆ ಹದಿನೆಂಟನ್ನೂ ಪೆಟ್ಟಿಗೆಗೆ ಹಾಕಿ ಬೀಗ ಜಡಿಯಬೇಕಿತ್ತು. ಹಾಕಿದ್ದೆ ಕೂಡ. ಹನ್ನೊಂದಾಗುವ ಹೊತ್ತಿಗೆ ಆಗಿದ್ದೇನೆಂದರೆ, ಯಾರೂ ಬರುವುದಿಲ್ಲವೆಂದುಕೊಂಡ ಶಾಲೆಯ ಅಂಗಳಕ್ಕೆ ಜನ ಬಂದರು. ಹಬ್ಬಕ್ಕೆ ಕೆಲಸವಿಲ್ಲ, ಬಂದ್‌ನಿಂದ ಬಸ್ಸಿಲ್ಲ, ಎಲ್ಲಿಗೂ ಹೋಗುವಂತಿಲ್ಲ. ಬೌದ್ಧರ ಓಣಿಯವರು ಮಕ್ಕಳುಮರಿ ಸಮೇತ ಮೊದಲು ಬಂದರು. ಅವರ ಹಿಂದೆ ಕುರಿ ಕಾಯುವ ಮನೆಗಳ ಕೆಲವರು, ಗೋಡೆಯ ಆಚೆಯೇ ನಿಂತು ಇಣುಕುತ್ತ. ಮೂರೂ ಊರಲ್ಲಿ ಇಷ್ಟು ಜನ ಸೇರಿದ್ದು ನನ್ನ ಕಡೆಯೇ ಎಂದು ಫೋನಿನಲ್ಲಿ ತಾಂಡೂರಿನ ಗೆಳೆಯನಿಗೆ ಹೇಳಿದೆ. ಹೇಳದೆ ಇರಲಾಗಲಿಲ್ಲ.

ಹನ್ನೊಂದೂವರೆಯ ಸುಮಾರಿಗೆ ಗೋಡೆಯ ಮೇಲಿನ ಸೂರ್ಯನ ಅಂಚಿನಲ್ಲಿ ಸಣ್ಣ ಕಚ್ಚು ಬಿತ್ತು. ನಾನು ಚಾರ್ಟಿನ ಮೇಲೆ ಹೊತ್ತು ಬರೆದು, ಪೆನ್ಸಿಲ್ಲಿನಿಂದ ಸುತ್ತುಗೆರೆ ಎಳೆದು, ಎಲ್ಲರನ್ನೂ ಒಳಗೆ ಕರೆದೆ. ಬಂದರು, ನೋಡಿದರು. ಒಬ್ಬ ಮುದುಕ ನಿರಾಸೆಯನ್ನು ಮುಚ್ಚಿಡಲಿಲ್ಲ.

"ಇದೇನವ್ವ, ಗ್ವಾಡಿ ಮ್ಯಾಲ ಕನ್ನಡಿ ಬೆಳಕು. ಇದು ಹುಡುಗರು ದಿನಾ ಆಡ್ತಾವ. ಗ್ರಹಣ ಮ್ಯಾಲ ಅದ, ನೀ ನಮಗ ಗ್ವಾಡಿ ತೋರಿಸ್ತಿ."

ಸುತ್ತಲಿದ್ದವರು ನಕ್ಕರು. ಒಬ್ಬೊಬ್ಬರೇ ಹೊರಗೆ ಹೊರಟರು. ಬಾಗಿಲು ಹಾಕಿಕೊಂಡು ಕೂತವರ ಮುಂದೆ ಇವರು ಹೋಗಿ ಏನು ಹೇಳುತ್ತಾರೆ ಎಂದು ಯೋಚಿಸಿದೆ. ಅದಕ್ಕಿಂತ, ನನ್ನನ್ನು ನೋಡಿ ನಕ್ಕರಲ್ಲ ಎಂಬುದು ಚುಚ್ಚಿತು. ಅದನ್ನು ಇಂದು ಒಪ್ಪಿಕೊಳ್ಳುವುದು ಒಳ್ಳೆಯದು.

ಮೇಜಿನ ಡ್ರಾಯರಿನಲ್ಲಿ ಕತ್ತರಿ ಇತ್ತು. ಪೆಟ್ಟಿಗೆ ತೆರೆದು, ಹದಿನೆಂಟು ಕನ್ನಡಕಗಳನ್ನೂ ಮೂಗಿನ ಹತ್ತಿರ ಕತ್ತರಿಸಿ ಮೂವತ್ತಾರು ತುಂಡು ಮಾಡಿದೆ. ಒಂದು ತುಂಡು, ಒಂದು ಕಣ್ಣು. ಇನ್ನೊಂದು ಕಣ್ಣನ್ನು ಅಂಗೈಯಿಂದ ಮುಚ್ಚಿಕೊಳ್ಳಬೇಕು. ಮೂರು ಎಣಿಸುವಷ್ಟು ಹೊತ್ತು ನೋಡಿ ಮುಂದಿನವರಿಗೆ ಕೊಡಬೇಕು. ಫಿಲ್ಮ್ ಅದೇ, ಸೂರ್ಯ ಅವನೇ, ಲೆಕ್ಕದಲ್ಲಿ ತಪ್ಪೇನಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಎರಡು ನಿಮಿಷದ ಕೆಲಸ ಅದು. ಅಷ್ಟರಲ್ಲಿ ಮೇಡಂಗೆ ಒಂದು ಫೋನು ಮಾಡಬಹುದಿತ್ತು. ಮಾಡಿದರೆ ಬೇಡ ಅನ್ನುತ್ತಾರೆಂದು ಗೊತ್ತಿದ್ದರಿಂದಲೇ ಮಾಡಲಿಲ್ಲ.

ಅಂಗಳದಲ್ಲಿ ಸಾಲು ನಿಲ್ಲಿಸಿ ಹುಡುಗಿಗೆ ಎಲ್ಲ ವಿವರಿಸಿದೆ. ಮೊದಲ ಹತ್ತು ಜನರಿಗೆ ನಾನೇ ತೋರಿಸಿದೆ. ಆಗಲೇ ಒಂದು ಪೇಚು ಶುರುವಾಯಿತು. ಕುರುಬರ ಮನೆಯ ಅಜ್ಜಿಯೊಬ್ಬಳು ತುಂಡನ್ನು ಕೈಯಲ್ಲಿ ಹಿಡಿದು ಹಿಂದೆ ಸರಿದಳು.

"ನೀ ಮೊದಲ ನೋಡು," ಎಂದಳು. "ನಿನಗ ಏನೂ ಆಗಲಿಲ್ಲಂದ್ರ ನಾ ನೋಡ್ತೀನಿ."

ಹಬ್ಬದ ಅಡುಗೆಯನ್ನು ಮಾಡಿದವರೇ ಮೊದಲು ಬಾಯಿಗಿಟ್ಟು ತೋರಿಸಿದಂತೆ ನಾನು ನೋಡಿ ತೋರಿಸಿದೆ. ಆಮೇಲೆ ಅದೇ ಸಾಲಿನ ನಿಯಮವಾಯಿತು. ಪ್ರತಿಯೊಬ್ಬರೂ "ನೀ ಮೊದಲ" ಎನ್ನುವವರೇ. ಅಷ್ಟರಲ್ಲಿ ಒಳಗೆ ಹತ್ತು ನಿಮಿಷದ ಗುರುತಿನ ಹೊತ್ತಾಯಿತು. ಗೋಡೆಯ ಸೂರ್ಯ ಚಾರ್ಟಿನಿಂದ ಜಾರುತ್ತಿದ್ದ.

"ನೀ ನೋಡ್ಕೋ," ಎಂದೆ ಹುಡುಗಿಗೆ. "ಎಲ್ಲಾರಿಗಿ ಮೊದಲ ನೀನೇ ನೋಡಿ ತೋರಸು. ಹೆದರಿಕಿ ಹೋಗ್ತದ. ಇನ್ನೊಂದ್ ಕಣ್ಣು ಮುಚ್ಚೋದು ಮರಿಬ್ಯಾಡ."

"ಹೌದರಿ ಅಕ್ಕಾ," ಎಂದಳು.

ಅಲ್ಲಿಂದ ಮೂರೂಕಾಲು ಗಂಟೆಯವರೆಗೆ ನಾನು ಒಳಗೇ ಇದ್ದೆ. ಹೊರಗೆ ಕನ್ನಡಿಯ ಪಕ್ಕ ಕೂತ ಅವಳ ಅಪ್ಪನಿಗೆ "ಜರಾ ಬಲಕ್ಕ, ಇನ್ನೂ ಜರಾ" ಎಂದು ಕೂಗುವುದು, ಗೆರೆ ಎಳೆಯುವುದು, ಕಚ್ಚಿನ ಆಳವನ್ನು ಸ್ಕೇಲಿನಿಂದ ಅಳೆಯುವುದು, ತಾಂಡೂರು, ಜಹೀರಾಬಾದುಗಳಿಂದ ಫೋನು ಬಂದರೆ ಗಡಿಯಾರ ಸರಿಹೊಂದಿಸುವುದು. ಒಂದೂವರೆಯ ಹೊತ್ತಿಗೆ ಗೋಡೆಯ ಸೂರ್ಯ ತೆಳ್ಳಗಿನ ಕುಡುಗೋಲಾದ. ಹೊರಗೆ ಬಿಸಿಲು ಬಣ್ಣಗೆಟ್ಟು ಸಂಜೆಯಂತಾಯಿತು. ಕಿಟಕಿಯಿಂದ ನಗು, ಗದ್ದಲ, ಹುಡುಗಿಯ ದನಿ ಕೇಳುತ್ತಿದ್ದವು: "ಮುಂದ ಬಾ ಯಮ್ಮಾ, ಅಂಜಬ್ಯಾಡ, ನೋಡಿಲ್ಲಿ, ನಾ ನೋಡ್ಲಾಕತ್ತೀನಿ." ಸಾಲು ಕರಗುತ್ತಲೇ ಇರಲಿಲ್ಲ. ಬಾಗಿಲು ಹಾಕಿಕೊಂಡಿದ್ದ ಮನೆಗಳಿಂದಲೂ ಗಂಡಸರು ಬಂದು ನಿಂತಿದ್ದರೆಂದು ಆಮೇಲೆ ತಿಳಿಯಿತು. ಅಷ್ಟು ಹೊತ್ತಿನಲ್ಲಿ ಒಂದು ಸಲವೂ ನಾನು ಹೊರಗೆ ಹೋಗಿ ಅವಳು ಹೇಗೆ ತೋರಿಸುತ್ತಿದ್ದಾಳೆಂದು ನೋಡಲಿಲ್ಲ.

ಗ್ರಹಣ ಬಿಡುವ ಮೊದಲೇ ಅಂಗಳದಲ್ಲಿ ಎಲ್ಲರೂ ಮಂಡಕ್ಕಿ, ಬಾಳೆಹಣ್ಣು ತಿಂದರು. ಗ್ರಹಣದ ಹೊತ್ತಲ್ಲಿ ಬಾಯಾಡಿಸಿದ್ದು ತನ್ನ ಜೀವಮಾನದಲ್ಲೇ ಮೊದಲು ಎಂದು ಒಬ್ಬರು ಹೇಳಿದಾಗ ನನಗೆ ಆದ ಹೆಮ್ಮೆ ಅಷ್ಟಿಷ್ಟಲ್ಲ. ಕೊನೆಯ ಗೆರೆ ಎಳೆದು ನಾನು ಹೊರಗೆ ಬಂದಾಗ ಹುಡುಗಿ ತಲೆ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತಿದ್ದಳು. ಬಿಸಿಲಿನಲ್ಲಿ ನಿಂತು ದಣಿದಿದ್ದಾಳೆಂದು ಅಂದುಕೊಂಡು ಅವಳ ಕೈಗೊಂದು ಬಾಳೆಹಣ್ಣು ಕೊಟ್ಟೆ.

ಮರುದಿನ ಮಧ್ಯಾಹ್ನ ಅವಳ ಫೋನು ಬಂತು. ನಾನು ಜಹೀರಾಬಾದಿನಲ್ಲಿ ಮೂರೂ ಊರಿನ ಚಾರ್ಟುಗಳನ್ನು ನೆಲದ ಮೇಲೆ ಹರಡಿಕೊಂಡು ಕೂತಿದ್ದೆ.

"ಅಕ್ಕಾ, ಎಡಗಣ್ಣಾಗ ಒಂದ್ ಚುಕ್ಕಿ ಕೂತದರಿ," ಎಂದಳು. "ನಿನ್ನಿ ಸಂಜಿಗಿ ಬಂದದ್ದು, ತೊಳದ್ರೂ ಹೋಗವಲ್ದು. ಬಲಗಣ್ಣು ಮುಚ್ಚಿ ಪುಸ್ತಕ ಓದಿದ್ರ ನಡುವಿನ ಅಕ್ಷರ ಕಾಣವಲ್ದು. ಬಾಜೂಕಿಂದು ಕಾಣ್ತಾವ."

ಓದಿದವಳಲ್ಲವೇ ನಾನು, ಆ ಎರಡು ವಾಕ್ಯದಲ್ಲೇ ಎಲ್ಲ ಗೊತ್ತಾಯಿತು. ಕಣ್ಣಿನ ಹಿಂಬದಿಯ ಪರದೆಯಲ್ಲಿ, ನಾವು ನೆಟ್ಟು ನೋಡುವ ಕಡೆಯೇ, ಸೂರ್ಯನ ಬೆಳಕು ಸುಟ್ಟಾಗ ಹೀಗಾಗುತ್ತದೆ. ಅಲ್ಲಿ ನೋವು ತಿಳಿಯುವುದಿಲ್ಲ. ನನ್ನದೇ ಕೈಬರಹದ ಎಚ್ಚರಿಕೆಯ ಪೋಸ್ಟರಿನಲ್ಲಿ ಇದನ್ನೆಲ್ಲ ಕೆಂಪು ಶಾಯಿಯಲ್ಲಿ ಬರೆದಿದ್ದೆ. ಆದರೂ ಬಾಯಿಂದ ಹೊರಟ ಮೊದಲ ಮಾತು, "ಇನ್ನೊಂದ್ ಕಣ್ಣು ಮುಚ್ಚಂದಿದ್ದೆ ಅಲ್ಲ ನಿನಗ?"

"ಮರ್ತಿರಬೇಕರಿ," ಎಂದಳು.

ಹೈದರಾಬಾದಿನ ದಾರಿ ಇನ್ನೂ ತೆರೆದಿರಲಿಲ್ಲ. ಗಡಿಯ ಆಚೆ ಕರ್ನಾಟಕದ ಬಸ್ಸುಗಳು ಓಡುತ್ತಿದ್ದವು. ಟಂಟಂ ಆಟೋ ಹಿಡಿದು ಗಡಿ ದಾಟಿ, ಅಲ್ಲಿಂದ ಬಸ್ಸಿಗೆ ನಾನು, ಅವಳು, ಅವಳ ಅಪ್ಪ ಮೂವರೂ ಬೀದರಿಗೆ ಹೋದೆವು. ಕಣ್ಣಿನ ಡಾಕ್ಟರು ಹನಿ ಹಾಕಿ, ಅರ್ಧ ಗಂಟೆ ಕೂರಿಸಿ, ದೀಪ ಹಿಡಿದು ಬಹಳ ಹೊತ್ತು ನೋಡಿದರು. ಬಲಗಣ್ಣು ಸರಿಯಾಗಿತ್ತು. ಎಡಗಣ್ಣಿನ ನಟ್ಟನಡುವೆ ಸಾಸಿವೆಗಿಂತ ಸಣ್ಣದೊಂದು ಹಳದಿ ಗಾಯ.

"ಇದಕ್ಕ ಔಷಧ ಅಂತ ಇಲ್ಲ ನೋಡ್ರಿ," ಎಂದರು. "ಕೆಲವರಿಗಿ ಆರು ತಿಂಗಳದಾಗ ತಾನೇ ಭಾಳಷ್ಟು ಸುಧಾರಿಸ್ತದ. ಕೆಲವರಿಗಿ ಚುಕ್ಕಿ ಹಂಗೇ ಉಳೀತದ. ಹೆಂಗಾತು ಇದು? ಬರಿಗಣ್ಣಿಲೆ ನೋಡಿದೇನು?"

ಅವಳು ನನ್ನ ಮುಖ ನೋಡಿದಳು. ಉತ್ತರ ಕೊಟ್ಟವಳು ನಾನು.

"ನಾವು ಫಿಲ್ಮ್ ಕೊಟ್ಟಿದ್ವಿ ಡಾಕ್ಟರೇ. ಒಂದ್ ಕಣ್ಣು ಮುಚ್ಕೋ ಅಂತ ಹೇಳಿದ್ವಿ. ಈಕಿ ಮುಚ್ಕೊಂಡಿಲ್ಲ."

ಡಾಕ್ಟರು ಚೀಟಿ ಬರೆದರು. ಎರಡು ತಿಂಗಳಲ್ಲಿ ನೇಮಕದ ತಪಾಸಣೆ, ಆರು ತಿಂಗಳಲ್ಲಿ ವಾಸಿಯಾದರೂ ಆಗಬಹುದು. ಆ ಲೆಕ್ಕ ನಾವು ಮೂವರೂ ಮನಸ್ಸಿನಲ್ಲೇ ಮಾಡಿದೆವು. ಬಸ್‌ಸ್ಟ್ಯಾಂಡಿನಲ್ಲಿ ಅವಳು ನೀರು ಕುಡಿಯಲು ಹೋದಾಗ ಅಪ್ಪ ನನ್ನ ಹತ್ತಿರ ಬಂದರು.

"ತಂಗೀ, ಒಂದ್ ಮಾತ್ರಿ. ಇದು ಊರಾಗ ಗೊತ್ತಾಗಬಾರದು. ಗ್ರಹಣ ಹಿಡೀತು ಅಂತಾರ. ಧಮ್ಮ ಹಿಡದವರ ಮನಿಗೇ ಹಿಡೀತು ನೋಡು ಅಂತಾರ. ನಾವು ಇಪ್ಪತ್ ವರ್ಷ ಬಿಡಿಸಿದ್ದು ಒಂದ್ ದಿನದಾಗ ತಿರುಗಿ ಬರ್ತದ."

ಬೈದಿದ್ದರೆ ಎದುರು ಮಾತಾಡಿಯಾದರೂ ಹಗುರಾಗುತ್ತಿದ್ದೆನೇನೋ. ಕೈ ಮುಗಿದು ಕೇಳಿಕೊಂಡರು. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಕೊಡುವಾಗ ಒಳಗೊಳಗೆ ಸಮಾಧಾನವೂ ಆಯಿತು, ಯಾಕೆಂದರೆ ಆ ಮೌನ ನನಗೂ ಬೇಕಾಗಿತ್ತು. ನಮ್ಮನ್ನು ನಂಬದೆ ಬಾಗಿಲು ಹಾಕಿಕೊಂಡವರೆಲ್ಲ ಕಣ್ಣು ಉಳಿಸಿಕೊಂಡು ಒಳಗೆ ಕೂತಿದ್ದರು. ನಂಬಿ ಮುಂದೆ ನಿಂತ ಮನೆಗೆ ಏಟು ಬಿದ್ದಿತ್ತು. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ಇಲ್ಲಿ ಮಾಡಿದವಳು ನಾನು, ಉಂಡವಳು ಅವಳು.

ತರಗತಿಗಳು ಮತ್ತೆ ಆರಂಭವಾದ ಮೇಲೆ ವರದಿ ಬರೆದೆ. ಮೂರೂ ಊರಿನ ಹೊತ್ತುಗಳ ಪಟ್ಟಿ, ಚಾರ್ಟಿನ ನಕಲು, ಗೋಡೆಯ ದೂರ, ತೂತಿನ ಅಳತೆ, ನಮ್ಮ ಗುರುತುಗಳಲ್ಲಿ ಎಷ್ಟು ತಪ್ಪು ಬಂದಿರಬಹುದೆಂಬ ಅಂದಾಜು. ತಾಂಡೂರಿನ ಅಂಕಿಗಳೂ ನಮ್ಮವೂ ಚೆನ್ನಾಗಿ ಕೂಡಿಬಂದಿದ್ದವು. ಭಾಗವಹಿಸಿದ ಸಂಘದ ಸದಸ್ಯರ ಹೆಸರುಗಳನ್ನೆಲ್ಲ ಬರೆದೆ. ಕಣ್ಣಿನ ವಿಷಯ ಪೂರ್ತಿ ಬಿಡಲು ಧೈರ್ಯ ಸಾಲಲಿಲ್ಲ, ಪೂರ್ತಿ ಬರೆಯಲೂ ಧೈರ್ಯ ಸಾಲಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬಂತೆ ಒಂದು ವಾಕ್ಯ ಹೊಸೆದೆ: 'ಸ್ಥಳೀಯ ಸ್ವಯಂಸೇವಕಿಯೊಬ್ಬರು ಸೂಚನೆಯನ್ನು ಸರಿಯಾಗಿ ಪಾಲಿಸದ ಕಾರಣ ಅವರಿಗೆ ತಾತ್ಕಾಲಿಕ ದೃಷ್ಟಿದೋಷ ಉಂಟಾಯಿತು.' ತಾತ್ಕಾಲಿಕ ಎಂಬ ಪದವನ್ನು ಯಾವ ಆಧಾರದ ಮೇಲೆ ಬರೆದೆನೋ ನನಗೇ ಗೊತ್ತಿಲ್ಲ. ಕನ್ನಡಕ ಕತ್ತರಿಸಿದ್ದನ್ನು ಬರೆಯಲಿಲ್ಲ. ಮೇಡಂ ಊರಲ್ಲಿರಲಿಲ್ಲ. ವರದಿಯನ್ನು ಅವರ ಮೇಜಿನ ಮೇಲಿಟ್ಟು ಬಂದೆ.

ಎರಡು ತಿಂಗಳು ವಾರಕ್ಕೊಮ್ಮೆ ಅವಳಿಗೆ ಫೋನು ಮಾಡುತ್ತಿದ್ದೆ. ಗೋಡೆಗೆ ಅಕ್ಷರದ ಹಾಳೆ ಹಚ್ಚಿಕೊಂಡು ತಾನೇ ಪರೀಕ್ಷೆ ಮಾಡಿಕೊಳ್ಳುತ್ತಿದ್ದಳು. ಒಂದು ಸಾಲು ಹೆಚ್ಚು ಕಾಣುತ್ತಿದೆ, ಚುಕ್ಕಿ ತೆಳುವಾಗಿದೆ ಎನ್ನುತ್ತಿದ್ದಳು. ತಪಾಸಣೆಯ ದಿನ ಸಂಜೆ ನಾನೇ ಫೋನು ಮಾಡಿದೆ. ಅಪ್ಪ ಎತ್ತಿದರು.

"ಕೆಳಗಿನ ಸಾಲು ಓದಾಕ ಆಗಿಲ್ರಿ," ಎಂದರು. "ಎರಡೂ ಕಣ್ಣು ಬ್ಯಾರೆ ಬ್ಯಾರೆ ಪೂರಾ ಇರಬೇಕಂತ. ತೆಗೆದು ಹಾಕ್ಯಾರ. ಯಾವಾಗಿಂದ ಅದ ಅಂತ ಕೇಳಿದ್ರಂತ. ಸಣ್ಣಾಕಿ ಇದ್ದಾಗಿಂದ ಅಂದಾಳ."

ಮುಂದಿನ ಭಾನುವಾರ ಆ ಹಳ್ಳಿಗೆ ಹೋದೆ. ಹೋಗಿ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿದ್ದೆ, ತಲುಪಿದಾಗ ಒಂದೂ ನೆನಪಾಗಲಿಲ್ಲ. ಅವಳು ಮನೆಯ ಮುಂದಿನ ಕಟ್ಟೆಯ ಮೇಲೆ ಹುಣಸೆಹಣ್ಣು ಬಿಡಿಸುತ್ತಿದ್ದಳು. ಪಕ್ಕದಲ್ಲಿ ಕೂತಿದ್ದವಳು ಗ್ರಹಣದ ದಿನದ ಅದೇ ಕುರುಬರ ಅಜ್ಜಿ. ನನ್ನನ್ನು ಗುರುತಿಸಿ ಅಜ್ಜಿಯ ಮುಖ ಅರಳಿತು. ಅವಳಿಗೆ ಕಣ್ಣಿನ ಸಂಗತಿ ಗೊತ್ತಿರಲಿಲ್ಲ.

"ಬಾ ನನ್ನವ್ವ. ಎಪ್ಪತ್ ವರ್ಷಕ್ಕ ಗ್ರಹಣ ನೋಡಿದೆ, ನಿನ್ನ ಪುಣ್ಯ," ಎಂದಳು. "ಮೊದಲ ನೋಡಾಕೇ ಆಗವಲ್ದು. ನನಗ ಒಂದೇ ಕಣ್ಣು ಮುಚ್ಚಾಕ ಬರಂಗಿಲ್ಲ ನೋಡು, ಮುಚ್ಚಿದ್ರ ಎರಡೂ ಮುಚ್ತಾವ. ಕೈಲೆ ಮುಚ್ಕೋ ಅಂದ್ರ ಬೆರಳ ಸಂದಿಲೆ ಇಣುಕೋದು. ನಾ ಒಬ್ಬಾಕಿ ಅಲ್ಲ, ಎಲ್ಲಾ ಮುದುಕ್ಯಾರದೂ ಇದೇ ಹಾಡು. ಕಡೀಕ ಈ ಹುಡುಗಿ ತನ್ನ ಕೈಯಿಂದ ನಮ್ಮ ಕಣ್ಣು ಒತ್ತಿ ಹಿಡದಾಳ. ಒಂದ್ ಕೈಲೆ ತಾ ನೋಡಿ ತೋರ್ಸೋದು, ಒಂದ್ ಕೈಲೆ ನಮ್ಮ ಕಣ್ಣು ಮುಚ್ಚೋದು. ಎಷ್ಟ್ ಮಂದಿಗಿ ಮಾಡಿದ್ಯೇ?"

ಹುಡುಗಿ ತಲೆ ಎತ್ತಲಿಲ್ಲ. "ಎಣಿಸಿಲ್ಲಬೇ," ಎಂದಳು.

ನಾನು ನಿಂತಲ್ಲೇ ನನ್ನ ಎರಡು ಕೈ ನೋಡಿಕೊಂಡೆ. ಬಲಗೈಯಲ್ಲಿ ತುಂಡು, ತನ್ನ ಬಲಗಣ್ಣಿಗೆ. ಎಡಗೈ ಎದುರಿನವರ ಕಣ್ಣಿನ ಮೇಲೆ. ಅವಳ ಎಡಗಣ್ಣಿಗೆ ಕೈ ಎಲ್ಲಿ ಉಳಿಯಿತು? ರೆಪ್ಪೆಯನ್ನು ಬಿಗಿಹಿಡಿದೇ ಇರಬೇಕು. ತಲೆಯೆತ್ತಿ ಸೂರ್ಯನನ್ನು ಹುಡುಕುವಾಗ ಒಂದಿಷ್ಟು ತೆರೆದಿರಬೇಕು, ಬಿಸಿಲು ಮಂಕಾಗಿದ್ದರಿಂದ ಉರಿಯಲೂ ಇಲ್ಲ. ಪ್ರತಿಯೊಬ್ಬರಿಗೂ ಮೊದಲು ನೀನೇ ನೋಡು ಎಂದವಳು ನಾನು. ಆ ತುಂಡು ಎರಡೂ ಕಣ್ಣಿನ ಇಡೀ ಕನ್ನಡಕವಾಗಿದ್ದರೆ ಅವಳ ಎರಡು ಕೈಯೂ ಬೇಕಾಗುತ್ತಿರಲಿಲ್ಲ.

ಅಜ್ಜಿ ಎದ್ದು ಹೋದ ಮೇಲೆ ಅವಳ ಎದುರು ಕೂತೆ.

"ಮರ್ತೆ ಅಂತ ಯಾಕ ಹೇಳ್ದಿ?"

"ನೀವು ಫೋನ್ದಾಗ ಹಂಗೇ ಕೇಳಿದ್ರಲ್ಲರಿ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ನೀವು ಭಾಳ ಹೆದರಿದ್ರಿ."

ನಾನು ಅತ್ತೆ. ಅವಳು ಅಳಲಿಲ್ಲ, ಹುಣಸೆಬೀಜ ಬೇರೆ ಮಾಡುತ್ತಲೇ ಇದ್ದಳು. ವರದಿಯಲ್ಲಿ ಬರೆದ ವಾಕ್ಯವನ್ನು ಅವಳಿಗೆ ಹೇಳಿಬಿಟ್ಟೆ, ಒಂದಕ್ಷರವೂ ಬಿಡದೆ. ಡಾಕ್ಟರ ಮುಂದೆ ಆಡಿದ್ದನ್ನು ಅವಳು ಕೇಳಿದ್ದಳು, ಇದು ಗೊತ್ತಿರಲಿಲ್ಲ. ಬೀಜ ತೆಗೆಯುವ ಕೈ ನಿಂತಿತು.

"ಅದರಾಗ ನನ್ನ ಹೆಸರ ಅದ ಏನ್ರಿ?"

"ಇಲ್ಲ."

"ನಿಮ್ಮವರೆಲ್ಲರ ಹೆಸರ ಅದ?"

"ಅದ."

"ಅಷ್ಟೂ ಮಂದಿಗಿ ಗ್ರಹಣ ತೋರಿಸಿದಾಕಿ ನಾನ್ರಿ ಅಕ್ಕಾ," ಎಂದಳು. "ಸಣ್ಣಾಕಿದ್ದಾಗಿಂದ ಕಣ್ಣಿಲ್ಲ ಅಂತ ಅಲ್ಲಿ ಬರೆಸಿ ಬಂದೀನಿ. ಇಲ್ಲಿ ಮಾತ್ ಕೇಳದಾಕಿ ಅಂತ ನೀವು ಬರ್ದೀರಿ. ಅಪ್ಪಗ ಊರಾಗ ತಿಳೀಬಾರದು, ಅಷ್ಟೇ. ನಿಮ್ಮ ಕಾಲೇಜಿನ ಕಾಗದಾ ಊರಾಗ ಯಾರ್ ಓದ್ತಾರ? ಒಂದ್ ಕಡಿಯಾದ್ರೂ ಖರೆ ಬರೀರಿ."

ಮರುದಿನ ಮೊದಲ ಬಸ್ಸಿಗೆ ಹೈದರಾಬಾದಿಗೆ ಹೋದೆ. ಮೇಡಂ ವರದಿಯನ್ನು ಓದಿ, ಚೆನ್ನಾಗಿದೆ ಎಂದು ಬರೆದು, ಸಹಿ ಮಾಡಿಟ್ಟಿದ್ದರು. ಅದನ್ನು ವಾಪಸು ಕೊಡಿ ಎಂದು ಕೇಳಿ, ಅವರೆದುರೇ ಎಲ್ಲವನ್ನೂ ಹೇಳಿದೆ. "ಫೋನು ಮಾಡಬಹುದಿತ್ತು" ಎಂದರು ಅವರು. ಕುರ್ಚಿ ಎಳೆದು ಕೊಟ್ಟು ಅಲ್ಲೇ ಕೂತು ಬರೆಯಲು ಹೇಳಿದರು.

ಭಾಗವಹಿಸಿದವರ ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲೆ ಅವಳ ಹೆಸರು ಬರೆದೆ. ಅವಳ ಅಪ್ಪನಿಗೆ ಕೊಟ್ಟ ಮಾತಿನಿಂದಾಗಿ ಆ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ, ಊರಿನ ಹೆಸರನ್ನೂ ಬಿಟ್ಟಿದ್ದೇನೆ. ಆಮೇಲೆ ಹಳೆಯ ವಾಕ್ಯವನ್ನು ಹೊಡೆದುಹಾಕಿ, ಅದರ ಜಾಗದಲ್ಲಿ ಹೀಗೆ ಬರೆದೆ:

'ನಾರಾಯಣಖೇಡ ವೀಕ್ಷಣೆಯಲ್ಲಿ ಒಬ್ಬರ ಎಡಗಣ್ಣಿಗೆ ಸೂರ್ಯನ ಬೆಳಕಿನಿಂದ ಗಾಯವಾಗಿದೆ. ವಾಸಿಯಾಗಿಲ್ಲ. ಗಾಯವಾದಾಗ ಅವರ ಕೈ ಇನ್ನೊಬ್ಬರ ಕಣ್ಣನ್ನು ಮುಚ್ಚಿತ್ತು. ಕಾರಣ: ಕನ್ನಡಕಗಳನ್ನು ಎರಡಾಗಿ ಕತ್ತರಿಸಿದ್ದು. ಕತ್ತರಿಸಿದವರು: ಸಂಘದ ಕಾರ್ಯದರ್ಶಿ.'

ಕೆಳಗೆ ನನ್ನ ಪೂರ್ಣ ಹೆಸರು ಬರೆದು ಸಹಿ ಹಾಕಿದೆ.